ಹಳೆಯ ಮನೆಯ ಜಗಲಿ

ಭಿವಂಡಿಯ ನಮ್ಮ ಓಣಿಗಳಲ್ಲಿ ಬಾಗಿಲು ತೆರೆದೊಡನೆ ರಸ್ತೆ, ಮುಚ್ಚಿದೊಡನೆ ಕೋಣೆ. ಒಳಗು ಹೊರಗುಗಳ ನಡುವೆ ಗೇಣಗಲದ ಸ್ಥಳವೂ ಇರುವುದಿಲ್ಲ. ಬೇಸಗೆಯ ರಜೆಯಲ್ಲಿ ದಕ್ಷಿಣ ಕನ್ನಡ, ಉಡುಪಿಯ ಕಡೆಯ ಹಿರಿಯರ ಮನೆಗಳಿಗೆ ಹೋಗುವ ನಮ್ಮ ವಿದ್ಯಾರ್ಥಿಗಳು ಅಲ್ಲಿಯ ಜಗಲಿಯನ್ನು ಕಂಡಿರಬಹುದು. ಈಗ ಅಂತಹ ಮನೆಗಳನ್ನು ದುರಸ್ತಿಪಡಿಸುವಾಗ, ಮನೆಯನ್ನು ಹೊರಕ್ಕೆ ತೆರೆಯಬೇಕೆಂಬ ಆಸೆಯಿಂದಲೇ ಕೆಲವರು ಜಗಲಿಯನ್ನು ಕಿತ್ತು ದೊಡ್ಡ ಗಾಜಿನ ಬಾಗಿಲುಗಳನ್ನು ಇಡಿಸುತ್ತಾರೆ. ಇದು ಸರಿಯೆ ಎಂಬುದನ್ನು ವಿಚಾರಿಸೋಣ.

ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಆ ನೀರು ಗೋಡೆಗೆ ತಾಗದಿರಲೆಂದೇ ಹಂಚಿನ ಮಾಡನ್ನು ಮುಂದಕ್ಕೆ ಚಾಚಿ ತಗ್ಗಾಗಿ ಇಳಿಸಿದ್ದಾರೆ. ಅದರ ಅಡಿಯಲ್ಲಿ ಜಗಲಿ, ಅದರಾಚೆ ಅಂಗಳ. ನಡುಹಗಲಿನ ಬಿಸಿಲು ಮಾಡಿನ ಅಂಚಿನಲ್ಲಿಯೇ ನಿಲ್ಲುತ್ತದೆ. ಗಾಳಿಯೂ ಬೆಳಕೂ ನೆರಳನ್ನು ದಾಟಿ ತಂಪಾಗಿ ಒಳಸೇರುತ್ತವೆ. ದೊಡ್ಡ ಮನೆಗಳಲ್ಲಿ ನಡುವೆ ಆಕಾಶಕ್ಕೆ ತೆರೆದ ಚೌಕಿಯೂ ಉಂಟು. ವಿಜಯನಾಥ ಶೆಣೈ ಅವರು ಮಣಿಪಾಲದ ಹೆರಿಟೇಜ್ ವಿಲೇಜಿಗೆ ತಂದು ಉಳಿಸಿದ ಕುಂಜೂರು ಚೌಕಿಮನೆಯು ಇದಕ್ಕೆ ಉತ್ತಮ ನಿದರ್ಶನ. ಹೀಗೆ ಜಗಲಿಯು ಮನೆಯನ್ನು ಹೊರಕ್ಕೊಯ್ದರೆ, ಚೌಕಿಯು ಹೊರಗನ್ನು ಮನೆಯೊಳಕ್ಕೆ ತರುತ್ತದೆ.

ಹಾಗಾದರೆ ಬದಲಾವಣೆಯೇ ಕೂಡದೆ? ಕೂಡುತ್ತದೆ, ಕ್ರಮವರಿತು ಮಾಡಬೇಕು. ಅಲ್ಲಿಯ ಗೋಡೆಗಳು ಬಹುಮಟ್ಟಿಗೆ ಮುರಕಲ್ಲಿನವು. ಇಂತಹ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರನ್ನು ಫ್ರಾನ್ಸಿಸ್ ಬುಕಾನನನು 1807ರ ತನ್ನ ಗ್ರಂಥದಲ್ಲಿ ಕೊಟ್ಟನು. ಮಾಡಿನ ಭಾರವನ್ನು ಹೊತ್ತಿರುವುದು ಈ ಗೋಡೆಯೇ. ಆದುದರಿಂದ ಬಾಗಿಲನ್ನು ಅಗಲಿಸುವ ಮೊದಲು ಮಾಡಿಗೆ ಆಸರೆ ಕೊಟ್ಟು, ತೆರಪಿನ ಮೇಲೆ ಗಟ್ಟಿಯಾದ ತೊಲೆಯನ್ನು ಕೂರಿಸಬೇಕು. ಮುರಕಲ್ಲು ತೇವವನ್ನು ಹೀರಿ ಬಿಡುತ್ತದೆ. ಸಿಮೆಂಟಿನ ಗಾರೆ ಆ ತೇವವನ್ನು ಒಳಗೇ ತಡೆಯುವುದರಿಂದ ಸುಣ್ಣದ ಗಾರೆಯೇ ಲೇಸು. ಸಮುದ್ರದ ಉಪ್ಪುಗಾಳಿಗೆ ಕಬ್ಬಿಣದ ಸರಳುಗಳು ಬೇಗನೆ ತುಕ್ಕು ಹಿಡಿಯುತ್ತವೆ. ಮರದ ಅಳಿಗಳು ಹೆಚ್ಚು ಬಾಳುತ್ತವೆ. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು 1865ರಲ್ಲಿ ಕಾರ್ಖಾನೆ ತೆರೆದು ಪ್ರಚಾರಕ್ಕೆ ತಂದ ಹಂಚುಗಳನ್ನು, ಒಡೆಯದಿದ್ದಲ್ಲಿ, ಇಳಿಸಿ ತೊಳೆದು ಮರಳಿ ಹೊದಿಸಬಹುದು. ಕತ್ತಲೆಯ ಕೋಣೆಗೆ ನಾಲ್ಕಾರು ಗಾಜಿನ ಹಂಚುಗಳು ಸಾಕು.

ನೆರಳನ್ನು ಕಳೆದುಕೊಂಡ ಗಾಜಿನ ಬಾಗಿಲಿಗೆ ಬೇಸಗೆಯಲ್ಲಿ ಪರದೆ ಎಳೆಯಬೇಕಾಗುತ್ತದೆ. ಮಳೆಗಾಲದಲ್ಲಿ ಅಗಳಿ ಹಾಕಬೇಕಾಗುತ್ತದೆ. ತೆರೆಯಲೆಂದು ಮಾಡಿದುದು ಮುಚ್ಚಿಯೇ ಉಳಿಯುತ್ತದೆ. ಜಗಲಿಯಾದರೋ ಮಳೆಯಲ್ಲಿಯೂ ತೆರೆದಿರುತ್ತದೆ. ದಾರಿಹೋಕನು ಅಪ್ಪಣೆ ಕೇಳದೆ ಕುಳಿತು ನೀರು ಕುಡಿಯುವ ಸ್ಥಳವೂ ಅದೇ.

ಈ ರಜೆಯಲ್ಲಿ ಊರಿಗೆ ಹೋದಾಗ, ಮಧ್ಯಾಹ್ನದ ಬಿಸಿಲು ಜಗಲಿಯ ಎಷ್ಟನೆಯ ಅಡಿಯವರೆಗೆ ಬರುವುದೆಂದು ಸೀಮೆಸುಣ್ಣದಿಂದ ಗುರುತಿಸಿ ನೋಡಿರಿ. ಮನೆಯ ದುರಸ್ತಿಯ ಮಾತು ಬಂದಾಗ ಆ ಗೆರೆಯನ್ನು ಹಿರಿಯರಿಗೆ ತೋರಿಸಿರಿ.