ಪಿನ್ನು ಕುಂತರೆ ಸಾಲದು, ಗಾಳಿಯ ಲೆಕ್ಕ ಕೂಡಬೇಕು!

ತಿಕೋಟಾ: "ಮಿಸ್ತ್ರಿ, ಗಾಡಿ ಜಗ್ಗವಲ್ದು ನೋಡ್ರಿ. ಸಣ್ಣ ದಿನ್ನಿ ಬಂದ್ರ ಸಾಕು, ಮುದಿ ಎತ್ತಿನಂಗ ನಿಂದರತೈತಿ. ಏನಾರ ಮಾಡ್ರಿ!"

ದ್ರಾಕ್ಷಿ ಹಂಗಾಮಿನಲ್ಲಿ ಗ್ಯಾರೇಜಿನ ಮುಂದೆ ನಿಂತ ಜೀಪು ಮಾಲೀಕನ ಗೋಳಿದು. ವಿಜಯಪುರ-ಅಥಣಿ ರಸ್ತೆಯ ಮೇಲಿರುವ ತಿಕೋಟಾ ಈಗ ತಾಲೂಕು ಕೇಂದ್ರ. ಸುತ್ತಮುತ್ತ ದ್ರಾಕ್ಷಿ ತೋಟ, ಒಣದ್ರಾಕ್ಷಿ ಶೆಡ್ಡು. ಹಂಗಾಮು ಇರುವುದೇ ನಾಲ್ಕು ತಿಂಗಳು. ಆಗ ಗಾಡಿ ನಿಂತರೆ ಬಾಡಿಗೆಯೂ ಹೋಯಿತು, ಬ್ಯಾಂಕಿನ ಕಂತೂ ತಪ್ಪಿತು!

ಈ ಮಾಲೀಕ ಮಾಡದ ಉಪಾಯವಿಲ್ಲ. ಡೀಸೆಲ್ ಫಿಲ್ಟರ್ ಬದಲಾಯಿಸಿದ. ಇಂಜೆಕ್ಟರ್ ಬಿಚ್ಚಿಸಿ ತೊಳೆಸಿದ. ಕ್ಲಚ್ ಪ್ಲೇಟೂ ಹೊಸದು ಬಂತು. ಸಾವಿರಗಟ್ಟಲೆ ಹಣ ಹೋಯಿತೇ ಹೊರತು ಗಾಡಿಗೆ ಜೀವ ಬರಲಿಲ್ಲ.

"ಮಾಲಕ್ರ, ಗಾಡಿ ಕೆಡೂ ಮುಂಚೆ ಏನ ಬದಲ ಮಾಡಿಸಿದ್ರಿ?"

"ಏರ್ ಕ್ಲೀನರ್ ಪೈಪು ಒಡದಿತ್ರಿ. ಗುಜರಿಯಾಗ ಒಂದ ದೊಡ್ಡದು ಸಿಕ್ತು, ಹಾಕಿಸಿದೆ. ಸೆನ್ಸರ್ ಹಳೇದ ಐತಿ, ಪಿನ್ನೂ ಬರೋಬರಿ ಕುಂತೈತಿ."

ಮಿಸ್ತ್ರಿ ನಕ್ಕರು. ರೋಗ ಸಿಕ್ಕಿತ್ತು.

ಸೆನ್ಸರಿನ ಕೆಲಸವೇನು?

ಮೊದಲಿನ ಡೀಸೆಲ್ ಗಾಡಿಗಳಿಗೆ ಈ ತಲೆನೋವು ಇರಲಿಲ್ಲ. 1951ರಲ್ಲಿ ಆರಂಭವಾದ ಮೈಕೋ ಕಂಪನಿಯ ಪಂಪು, ನಾಲ್ಕು ಪಾನಾ, ಒಬ್ಬ ಅನುಭವಸ್ಥ ಮಿಸ್ತ್ರಿ ಇದ್ದರೆ ಕೆಲಸ ಮುಗಿಯುತ್ತಿತ್ತು. ಆ ಮೈಕೋ 2008ರಿಂದ ಬಾಷ್ ಲಿಮಿಟೆಡ್ ಆಗಿದೆ. ಪಂಪಿನ ಕಾಲವೂ ಹೋಗಿ ಕಂಪ್ಯೂಟರಿನ ಕಾಲ ಬಂದಿದೆ. ಇಂಜಿನ್ನಿಗೆ ಎಷ್ಟು ಡೀಸೆಲ್ ಬಿಡಬೇಕೆಂದು ಈಗ ತೀರ್ಮಾನಿಸುವುದು ಗಾಡಿಯೊಳಗಿನ ಇಸಿಎಂ ಪೆಟ್ಟಿಗೆ.

ಆ ಪೆಟ್ಟಿಗೆಗೆ ಗಾಳಿಯ ಸುದ್ದಿ ಮುಟ್ಟಿಸುವುದೇ ಏರ್ ಫ್ಲೋ ಸೆನ್ಸರ್. ಏರ್ ಫಿಲ್ಟರ್ ದಾಟಿದ ಕೂಡಲೇ ಪೈಪಿನಲ್ಲಿ ಕೂತಿರುತ್ತದೆ. ಅದರೊಳಗೆ ಕರೆಂಟಿನಿಂದ ಕಾಯುವ ಒಂದು ತೆಳು ಪದರವಿದೆ. ಗಾಳಿ ಬೀಸಿದಂತೆ ಪದರ ಆರುತ್ತದೆ. ಮತ್ತೆ ಅಷ್ಟೇ ಬಿಸಿಯಾಗಿಡಲು ಎಷ್ಟು ಕರೆಂಟು ಬೇಕಾಯಿತೋ ಅದರ ಮೇಲೆ ಗಾಳಿಯ ತೂಕದ ಲೆಕ್ಕ. ಬಿಸಿ ಚಹಾ ಊದಿ ಕುಡಿಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಲ್ಲಿ ಗಾಳಿಯನ್ನು ಲೀಟರಿನಲ್ಲಿ ಅಳೆಯುವುದಿಲ್ಲ, ತೂಗುತ್ತಾರೆ. ವಿಜಯಪುರ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಮೇಲೆ 40 ಡಿಗ್ರಿ ಬಿಸಿಲು. ಕಡಲ ದಂಡೆಯ ಗಾಳಿಗಿಂತ ಇಲ್ಲಿನ ಬೇಸಿಗೆ ಗಾಳಿ ತೆಳು. ತೂಗಿ ನೋಡಿದರೇ ಸರಿಯಾದ ಲೆಕ್ಕ.

ಸೇರು ಬದಲಾದರೆ ವ್ಯಾಪಾರ ಹೇಗೆ?

ಒಂದು ಗುಟ್ಟು ತಿಳಿಯಬೇಕು. ಪೈಪಿನಲ್ಲಿ ಹಾಯುವ ಎಲ್ಲ ಗಾಳಿಯೂ ಸೆನ್ಸರ್ ಒಳಗೆ ಹೋಗುವುದಿಲ್ಲ. ಒಂದು ಹಿಡಿಯಷ್ಟು ಮಾತ್ರ ಅದರ ಕಿಂಡಿಗೆ ಬೀಳುತ್ತದೆ. ಅಡತಿ ಅಂಗಡಿಯಲ್ಲಿ ಹಿಡಿ ಕಾಳು ನೋಡಿ ಇಡೀ ಚೀಲಕ್ಕೆ ಬೆಲೆ ಕಟ್ಟುವಂತೆ, ಈ ಹಿಡಿ ಗಾಳಿಯ ಮೇಲೆ ಒಟ್ಟು ಗಾಳಿಯ ಲೆಕ್ಕ ಕಟ್ಟಲಾಗುತ್ತದೆ. ಆ ಲೆಕ್ಕ ನಿಂತಿರುವುದು ಪೈಪಿನ ಅಗಲದ ಮೇಲೆ.

ಜೀಪಿನ ಮೂಲ ಪೈಪು 60 ಮಿಲಿಮೀಟರ್ ಇತ್ತು, ಗುಜರಿಯದು 70 ಎಂದಿಟ್ಟುಕೊಳ್ಳಿ. ಬರೀ 10 ಮಿಲಿಮೀಟರ್ ಹೆಚ್ಚು ಎನ್ನಬೇಡಿ. ಪೈಪಿನ ಬಾಯಿಯ ವಿಸ್ತಾರ ನೂರಕ್ಕೆ 36ರಷ್ಟು ಹಿಗ್ಗಿತು! 100 ಕಿಲೋ ಗಾಳಿ ಹೋದರೂ ಸೆನ್ಸರ್ ಸುಮಾರು 73 ಕಿಲೋ ಎಂದೇ ವರದಿ ಕೊಡುತ್ತದೆ. "ಗಾಳಿ ಕಡಿಮೆ ಬಂದಿದೆ" ಎಂದು ನಂಬಿದ ಪೆಟ್ಟಿಗೆ ಡೀಸೆಲ್ ಕಡಿತ ಮಾಡುತ್ತದೆ. ಗಾಡಿ ದಿನ್ನೆ ಏರುವುದಾದರೂ ಹೇಗೆ? ದೊಡ್ಡ ಸೇರಿನಿಂದ ಅಳೆದು ಕೊಟ್ಟು, ಖಾತೆಯಲ್ಲಿ ಸಣ್ಣ ಸೇರಿನ ಲೆಕ್ಕ ಬರೆದಂತಾಯಿತು.

ಪೈಪು ಸಣ್ಣದಾದರೆ ಇದರ ಉಲ್ಟಾ. ಇಲ್ಲದ ಗಾಳಿಯನ್ನು ಸೆನ್ಸರ್ ಇದೆ ಎನ್ನುತ್ತದೆ. ಡೀಸೆಲ್ ಹೆಚ್ಚು ಬೀಳುತ್ತದೆ. ಹಿಂದೆ ಬರುವವರ ಮುಖಕ್ಕೆ ಕರಿ ಹೊಗೆ!

ಆರಿಸುವುದು ಹೇಗೆ?

ಮೊದಲು ಇಂಜಿನ್ನಿಗೆ ಎಷ್ಟು ಗಾಳಿ ಬೇಕೆಂದು ನೋಡಬೇಕು. 2500 ಸಿಸಿ ಇಂಜಿನ್ ನಿಮಿಷಕ್ಕೆ 3600 ಸುತ್ತು ತಿರುಗಿದರೆ, ನಮ್ಮ ಬೇಸಿಗೆಯಲ್ಲಿ ತಾಸಿಗೆ ಸುಮಾರು 280 ಕಿಲೋ ಗಾಳಿ ಎಳೆದೀತು. ಟರ್ಬೋ ಅದನ್ನು ಒಂದೂವರೆ ಪಟ್ಟು ಮಾಡಿದರೆ 420 ಕಿಲೋ. ಬಾಷ್ ಸೆನ್ಸರುಗಳಲ್ಲಿ ತಾಸಿಗೆ 370, 480, 640, 850 ಕಿಲೋ ಹೀಗೆ ಬೇರೆ ಬೇರೆ ಅಳತೆಗಳಿವೆ. ಇಂಥ ಇಂಜಿನ್ನಿಗೆ 370 ಹಾಕಿದರೆ ಭರದಲ್ಲಿ ಓಡುವಾಗ ಅದರ ಅಳತೆಯೇ ಮುಗಿದುಹೋಗುತ್ತದೆ. ಹಾಗೆಂದು ಎಲ್ಲಕ್ಕಿಂತ ದೊಡ್ಡದನ್ನು ಹಾಕುವುದೂ ಜಾಣತನವಲ್ಲ. ಗಾಡಿ ನಿಂತಲ್ಲೇ ಉರಿಯುವಾಗಿನ ಸಣ್ಣ ಗಾಳಿಯ ಲೆಕ್ಕ ಒರಟಾಗುತ್ತದೆ. ಕ್ವಿಂಟಲ್ ತೂಗುವ ಕಾಟಾದಲ್ಲಿ ಯಾಲಕ್ಕಿ ತೂಗಲು ಬರುತ್ತದೆಯೇ?

ಇದೆಲ್ಲ ಲೆಕ್ಕ ಕಂಪನಿಯವರೇ ಹಾಕಿಟ್ಟಿದ್ದಾರೆ. ಗಿರಾಕಿಯ ಕೆಲಸ ಇಷ್ಟೇ: ಹಳೆಯ ಸೆನ್ಸರ್ ಮೇಲಿನ ನಂಬರನ್ನು ಪೂರ್ತಿ ಬರೆದುಕೊಂಡು ಅಂಗಡಿಗೆ ಹೋಗುವುದು. "ಅದ ಗಾಡೀದು, ನಡೀತೈತಿ" ಎಂಬ ಮಾತಿಗೆ ಮರುಳಾಗಬಾರದು. ಒಂದೇ ಹೆಸರಿನ ಗಾಡಿಗೂ ವರ್ಷ ಬದಲಾದಂತೆ ಸೆನ್ಸರ್ ಬದಲಾಗಿರಬಹುದು. ಐದು ಪಿನ್ನಿನದು ಐದು ಪಿನ್ನಿಗೆ ಕೂತರೂ ಒಳಗಿನ ಭಾಷೆ ಬೇರೆ ಇದ್ದೀತು. ಅನೇಕ ಪೆಟ್ರೋಲ್ ಕಾರುಗಳಲ್ಲಂತೂ ಈ ಸೆನ್ಸರೇ ಇರುವುದಿಲ್ಲ. ಅವು ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ನಂಬಿ ಓಡುತ್ತವೆ. ಕೂಡಿಸುವಾಗ ಮೈಮೇಲಿನ ಬಾಣದ ಗುರುತು ಇಂಜಿನ್ ಕಡೆಗೇ ಇರಬೇಕು.

ಕೊಳ್ಳುವ ಮುಂಚೆ

ಸೆನ್ಸರ್ ಕೆಟ್ಟಿತೆಂದು ಹಣ ಸುರಿಯುವ ಮೊದಲು ಪೈಪುಗಳನ್ನು ತಡವಿ ನೋಡಬೇಕು. ಸೆನ್ಸರ್ ಮತ್ತು ಟರ್ಬೋ ನಡುವೆ ಪೈಪು ಸೀಳಿದ್ದರೆ ಲೆಕ್ಕಕ್ಕೆ ಸಿಗದ ಗಾಳಿ, ಧೂಳಿನ ಸಮೇತ ಒಳಗೆ ನುಗ್ಗುತ್ತದೆ. ಟರ್ಬೋ ಮುಂದಿನ ಪೈಪು ಸೀಳಿದ್ದರೆ ಅಳೆದ ಗಾಳಿ ಹೊರಗೆ ಸೋರಿ ಹೊಗೆ ಏಳುತ್ತದೆ. ಎರಡಕ್ಕೂ ಸೆನ್ಸರ್ ಬೈಸಿಕೊಳ್ಳುತ್ತದೆ, ಪಾಪ!

ಕರಿಮಣ್ಣಿನ ಧೂಳು ಪದರದ ಮೇಲೆ ಕೂತರೂ ಲೆಕ್ಕ ತಪ್ಪುತ್ತದೆ. ಅದಕ್ಕೆಂದೇ ಬರುವ ಸ್ಪ್ರೇ ಹೊಡೆದು ಆರಲು ಬಿಡಬೇಕು. ಬಟ್ಟೆಯಿಂದ ಒರೆಸಬಾರದು, ಬೆರಳು ಮುಟ್ಟಿಸಬಾರದು. ಕಂಪ್ರೆಸರ್ ಗಾಳಿಯಂತೂ ಬೇಡವೇ ಬೇಡ. ಏರ್ ಫಿಲ್ಟರ್ ಹೊತ್ತಿಗೆ ಸರಿಯಾಗಿ ಬದಲಾಯಿಸಿದರೆ ಸೆನ್ಸರಿನ ಆಯುಷ್ಯವೂ ಹೆಚ್ಚು.

ಅಗ್ಗದ ಆಸೆಗೆ ಮುಗ್ಗಿದ ಜೋಳ ಕೊಂಡರಂತೆ ಎಂಬ ಗಾದೆ ಜೋಳದ ನಾಡಿನವರಿಗೆ ಹೊಸದಲ್ಲ. ಗುಜರಿ ಪೈಪಿನಲ್ಲಿ ಉಳಿಸಿದ ನಾಲ್ಕು ಕಾಸು, ಫಿಲ್ಟರ್, ಇಂಜೆಕ್ಟರ್, ಕ್ಲಚ್ ಎಂದು ಹತ್ತು ಪಟ್ಟಾಗಿ ಕೈಬಿಟ್ಟಿತು. ಸರಿಯಾದ ಅಳತೆಯ ಪೈಪು ಹಾಕಿದ ದಿನವೇ ಜೀಪು ದಿನ್ನೆ ಏರಿತು.

"ಎಂಥಾ ಸಣ್ಣ ಸಾಮಾನು ಎಷ್ಟ ಆಟಾ ಆಡಸ್ತರಿ ಮಿಸ್ತ್ರಿ!"

"ಸಾಮಾನು ಆಟಾ ಆಡಸಿಲ್ಲ ಮಾಲಕ್ರ. ನೀವ ಅದರ ಸೇರು ಬದಲ ಮಾಡಿದ್ರಿ!"