ಎರಡನೆಯ ಸಲ ನೀರಿಗಿಳಿಯುವುದು

ಆರು ಮಂದಿ ಸೇರಿ ಕಡಲನ್ನು ಈಜಿ ದಾಟುವುದೆಂದರೆ ಒಬ್ಬನ ಶ್ರಮವನ್ನು ಆರು ಪಾಲು ಮಾಡಿದಂತೆ ಎಂದು ದಡದಲ್ಲಿ ನಿಂತವರು ಎಣಿಸುವುದುಂಟು. ಒಬ್ಬೊಬ್ಬರಿಗೆ ಒಂದೊಂದು ಗಂಟೆಯ ಈಜು. ಉಳಿದ ಐದು ಗಂಟೆ ದೋಣಿಯಲ್ಲಿ ವಿಶ್ರಾಂತಿ. ಮೇಲುನೋಟಕ್ಕೆ ಇದಕ್ಕಿಂತ ಸುಖದ ಸಾಹಸ ಇನ್ನೊಂದಿರಲಾರದು. ಆದರೆ ಇಂಗ್ಲಿಷ್ ಕಡಲ್ಗಾಲುವೆಯ ಸರದಿ ಈಜಿಗೆ ಸಿದ್ಧವಾಗುತ್ತಿರುವ ಒಂದು ತಂಡವನ್ನು ಈ ಸಲದ ಬೇಸಿಗೆ ರಜೆಯಲ್ಲಿ ಕೆಲವು ವಾರ ಸಮೀಪದಿಂದ ನೋಡಿದ ಮೇಲೆ, ಆ ವಿಶ್ರಾಂತಿಯೇ ಇದರ ಅತಿ ಕಠಿಣವಾದ ಭಾಗವೆಂದು ನನಗೆ ಮನವರಿಕೆಯಾಗಿದೆ.

ಆಂಗ್ಲ ದೇಶವನ್ನೂ ಫ್ರಾನ್ಸನ್ನೂ ಬೇರ್ಪಡಿಸುವ ಈ ಕಡಲ್ಗಾಲುವೆ ತೀರ ಕಿರಿದಾದಲ್ಲಿ ಸುಮಾರು 33 ಕಿಲೋಮೀಟರ್ ಅಗಲ. 1875ರ ಆಗಸ್ಟ್‌ನಲ್ಲಿ ಕ್ಯಾಪ್ಟನ್ ಮ್ಯಾಥ್ಯೂ ವೆಬ್ ಇದನ್ನು 21 ಗಂಟೆ 45 ನಿಮಿಷಗಳಲ್ಲಿ ಈಜಿ ದಾಟಿದನು. ಭಾರತೀಯರಲ್ಲಿ ಮೊದಲಿಗರು ಮಿಹಿರ್ ಸೇನ್, 1958ರಲ್ಲಿ. ಮರುವರ್ಷ ಆಗಸ್ಟ್‌ನಲ್ಲಿ ದಡದ ಸಮೀಪಕ್ಕೆ ಬಂದು ಸೋತ ಆರತಿ ಸಾಹಾ, ತಿಂಗಳು ಕಳೆದು ಸೆಪ್ಟೆಂಬರ್ 29ರಂದು ಪುನಃ ಅದೇ ನೀರಿಗಿಳಿದು, ಈ ಕಡಲನ್ನು ದಾಟಿದ ಮೊದಲ ಏಷ್ಯನ್ ಮಹಿಳೆಯೆನಿಸಿದರು. ಸರದಿ ಈಜಿನಲ್ಲೂ ನಮ್ಮವರ ಹೆಸರುಂಟು: 2018ರ ಜೂನ್‌ನಲ್ಲಿ ಸತ್ಯೇಂದ್ರ ಸಿಂಗ್ ಲೋಹಿಯಾ ಮೊದಲಾದ ನಾಲ್ವರು ಅಂಗವಿಕಲ ಈಜುಗಾರರು ತಂಡವಾಗಿ ಈ ಕಡಲನ್ನು ದಾಟಿದರು.

ಸರದಿ ಈಜಿನ ಕಟ್ಟಳೆ ಬಹು ನಿಷ್ಠುರವಾದುದು. ಸಾಧಾರಣ ಈಜುಡುಪು, ಒಂದು ಟೊಪ್ಪಿಗೆ, ಕಣ್ಣಿಗೆ ಕನ್ನಡಕ. ಮೈ ಬೆಚ್ಚಗಿಡುವ ರಬ್ಬರಿನ ಉಡುಪಿಗೆ ಅವಕಾಶವಿಲ್ಲ. ಹೊರಡುವಾಗ ಗೊತ್ತುಪಡಿಸಿದ ಅನುಕ್ರಮ ಕೊನೆಯವರೆಗೂ ಬದಲಾಗಕೂಡದು. ಗಂಟೆ ಮುಗಿದೊಡನೆ ಮುಂದಿನವನು ನೀರಿಗಿಳಿದು, ಈಜುತ್ತಿರುವವನ ಹಿಂದಿನಿಂದ ಬಂದು ಅವನನ್ನು ಹಾದು ಮುಂದೆ ಸಾಗಬೇಕು. ಒಬ್ಬನು ತನ್ನ ಗಂಟೆಯನ್ನು ಈಜಲಾರದೆ ಹೋದರೆ ಇನ್ನೊಬ್ಬನು ಅದನ್ನು ತುಂಬಿಕೊಡುವಂತಿಲ್ಲ. ಆರು ಮಂದಿಯ ಈಜೂ ಅಲ್ಲಿಗೆ ಅಸಿಂಧು. ಸರದಿ ಎಂಬ ಮಾತಿನಲ್ಲಿ ಹಂಚಿಕೊಳ್ಳುವ ಸೌಲಭ್ಯವಷ್ಟೇ ಅಡಗಿದೆಯೆಂದು ತಿಳಿದವರು ಇದನ್ನು ಗಮನಿಸಬೇಕು.

ನನ್ನ ಅಕ್ಕನ ಮಗಳು ಆ ಆರು ಮಂದಿಯಲ್ಲಿ ಒಬ್ಬಳು. ಕೆಂಟ್ ಪ್ರಾಂತದಲ್ಲಿ ಉದ್ಯೋಗದಲ್ಲಿದ್ದಾಳೆ. ಅವಳು ಈಜು ಕಲಿತದ್ದು ಮಂಗಳೂರಿನಲ್ಲಿ. ಅಲ್ಲಿಯ ಕಡಲಿನ ನೀರು ಸಾಧಾರಣವಾಗಿ 27ರಿಂದ 30 ಡಿಗ್ರಿ. ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತ ನನ್ನ ತಲೆಮಾರಿನವರಿಗಂತೂ ನೀರೆಂದರೆ ಸೆಕೆಯಿಂದ ಬಿಡುಗಡೆ. ಡೋವರ್ ಬಂದರಿನ ನೀರಾದರೋ ಮೇ ತಿಂಗಳಲ್ಲಿ ಹನ್ನೊಂದು, ಹನ್ನೆರಡು ಡಿಗ್ರಿ. ಶನಿವಾರ, ಭಾನುವಾರಗಳಲ್ಲಿ ಅಲ್ಲಿಯ ಉರುಟುಗಲ್ಲುಗಳ ದಡಕ್ಕೆ ಈಜುಗಾರರು ಬರುತ್ತಾರೆ. ಹಿಂದೆ ಕಡಲನ್ನು ದಾಟಿದ ಅನುಭವಿಗಳು ಸ್ವಯಂಸೇವೆಯಿಂದ ಅವರ ಮೇಲ್ವಿಚಾರಣೆ ನೋಡಿಕೊಳ್ಳುತ್ತಾರೆ. ನೀರಿಗಿಳಿದ ಮೊದಲ ಒಂದೆರಡು ನಿಮಿಷ ಉಸಿರು ಹಿಡಿತಕ್ಕೆ ಸಿಗುವುದಿಲ್ಲ. ಆದರೆ ಕೆಲವೇ ನಿಮಿಷಗಳಂತೆ ಐದಾರು ಸಲ ಮುಳುಗಿದರೂ ಆ ಆಘಾತ ಅರ್ಧದಷ್ಟು ತಗ್ಗುತ್ತದೆಂದು ಶರೀರವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಹೀಗೆ ದಿನದಿಂದ ದಿನಕ್ಕೆ ಹತ್ತು ನಿಮಿಷ, ಇಪ್ಪತ್ತು ನಿಮಿಷವೆಂದು ಬೆಳೆಸುತ್ತ ಹೋಗಿ, 16 ಡಿಗ್ರಿ ಮೀರದ ನೀರಿನಲ್ಲಿ ಎರಡು ಗಂಟೆ ಈಜಿ ತೋರಿಸಿದವರಿಗೆ ಸರದಿಯ ಅರ್ಹತೆ. ಒಬ್ಬಂಟಿಯಾಗಿ ದಾಟುವವರಿಗೆ ಇದೇ ಪರೀಕ್ಷೆ ಆರು ಗಂಟೆ. ನಮ್ಮ ಹುಡುಗಿ ಆ ಎರಡು ಗಂಟೆಯ ಪರೀಕ್ಷೆಯಲ್ಲಿ ನಿರಾಯಾಸವಾಗಿ ತೇರ್ಗಡೆಯಾದಳು.

ತೊಡಕು ಬಂದದ್ದು ಅನಂತರ. ರನ್ನನ ದುರ್ಯೋಧನನು ಸರೋವರದೊಳಗಿದ್ದೂ ಬೆವರಿದ ಪ್ರಸಂಗವನ್ನು ವರ್ಷವರ್ಷವೂ ಪಾಠ ಹೇಳುವ ನಾನು ಡೋವರಿನಲ್ಲಿ ಕಂಡದ್ದು ಅದಕ್ಕೆ ವಿಪರೀತ: ಇಲ್ಲಿಯವರು ನೀರಿನಲ್ಲಿರುವಾಗ ಅಲ್ಲ, ನೀರಿನಿಂದ ಹೊರಗೆ ಬಂದ ಮೇಲೆ ನಡುಗುತ್ತಾರೆ. ಈಜುವಾಗ ದೇಹವು ಚರ್ಮದ ಕಡೆಯ ರಕ್ತನಾಳಗಳನ್ನು ಕುಗ್ಗಿಸಿಕೊಂಡು ಒಡಲಿನ ಕಾವನ್ನು ಕಾಯ್ದಿಟ್ಟಿರುತ್ತದೆ. ದಡ ಸೇರಿದ ಮೇಲೂ ಕೈಕಾಲುಗಳ ತಂಪು ಒಳಕ್ಕಿಳಿಯುತ್ತಲೇ ಇರುವುದರಿಂದ ಸ್ವಲ್ಪ ಹೊತ್ತು ಒಡಲಿನ ಉಷ್ಣ ಇನ್ನೂ ಕೆಳಗಿಳಿಯುತ್ತದೆ. ಬಟ್ಟೆಯ ಗುಂಡಿ ಹಾಕಲು ಬೆರಳು ಕೇಳುವುದಿಲ್ಲ, ಮಾತು ತೊದಲುತ್ತದೆ. ಆಗ ಬಿಸಿನೀರಿನ ಸ್ನಾನ ಅಪಾಯಕರ. ಒದ್ದೆ ತೆಗೆದು, ಮೈ ಒರೆಸಿ, ಉಣ್ಣೆ ಹೊದ್ದು, ಸಕ್ಕರೆ ಬೆರೆಸಿದ ಬಿಸಿ ಪಾನೀಯವನ್ನು ಗುಟುಕರಿಸುತ್ತ ಕಾಯಬೇಕು. ದಡದ ಮೇಲೆ ಇದು ಸಾಧ್ಯ. ಹೊಯ್ದಾಡುವ ದೋಣಿಯಲ್ಲಿ, ಎಣ್ಣೆಯ ಹೊಗೆಯ ನಡುವೆ, ಹೊಟ್ಟೆ ತೊಳಸುತ್ತಿರುವಾಗ ಇದನ್ನೇ ಮಾಡಿ, ಮೈ ಬೆಚ್ಚಗಾಯಿತು ಎನ್ನುವಷ್ಟರಲ್ಲಿ ಮತ್ತೆ ಅದೇ ಒದ್ದೆಯುಡುಪು ತೊಟ್ಟು ಇಳಿಯಬೇಕು.

ಅದರ ಅಭ್ಯಾಸಕ್ಕೆಂದು ತಂಡದವರು ಒಂದು ಗಂಟೆ ಈಜಿ, ದಡದಲ್ಲಿ ಕುಳಿತು, ಪುನಃ ಇಳಿಯುವ ಕ್ರಮವನ್ನಿಟ್ಟುಕೊಂಡಿದ್ದರು. ಮೊದಲ ದಿನ ಐವರು ಇಳಿದರು. ಇವಳು ಮೊಣಕಾಲುದ್ದ ನೀರಿನಲ್ಲಿ ನಿಂತವಳು ನಿಂತೇ ಇದ್ದಳು. ಮರುದಿನವೂ ಹಾಗೆಯೇ ಆಯಿತು.

“ಮಾವ, ಮೊದಲನೆಯ ಸಲ ಇಳಿಯುವಾಗ ಏನಾಗುತ್ತದೆಂದು ಮೈಗೆ ಮರೆತಿರುತ್ತದೆ. ಎರಡನೆಯ ಸಲ ಅದಕ್ಕೆ ಎಲ್ಲ ನೆನಪಿರುತ್ತದೆ” ಎಂದಳು.

ಅಂದು ರಾತ್ರಿ ತನ್ನ ಸ್ಥಾನವನ್ನು ಬೇರೊಬ್ಬರಿಗೆ ಬಿಟ್ಟುಕೊಡುವ ಮಾತೆತ್ತಿದಳು. ದೋಣಿ ಹೊರಡುವ ಮುನ್ನವಾದರೆ ಬದಲಿ ಸಾಧ್ಯ. ಹೊರಟ ಮೇಲೆ ಇಲ್ಲ. ಐವರ ಎರಡು ವರ್ಷದ ದುಡಿಮೆ ತನ್ನ ಮೊಣಕಾಲಿನ ಬಳಿ ಮುರಿದು ಬೀಳಬಾರದೆಂಬುದು ಅವಳ ವಾದ. ಬಿಡು ಎನ್ನುವುದೂ ಬೇಡವೆನ್ನುವುದೂ ನನ್ನ ಅಧಿಕಾರಕ್ಕೆ ಸೇರಿದ್ದಲ್ಲ. ತಂಡದವರು ಮಾತ್ರ ಅವಳನ್ನು ಹುರಿದುಂಬಿಸುವ ಭಾಷಣ ಮಾಡಲಿಲ್ಲ. ಒಂದು ಉಪಾಯ ಹೇಳಿದರು. ಎರಡನೆಯ ಸಲ ಒಂದು ಗಂಟೆ ಈಜುವ ಹಂಗೇ ಬೇಡ. ಇಳಿದು, ಐವತ್ತು ಎಣಿಸಿ, ಮೇಲೆ ಬಾ. ಅವಳು ಹಾಗೆಯೇ ಮಾಡಿದಳು, ಕನ್ನಡದಲ್ಲಿ ಎಣಿಸಿಕೊಂಡು. ಮುಂದಿನ ವಾರ ಇನ್ನೂರು ಎಣಿಸಿದಳು. ನಾನು ಹೊರಡುವ ಹಿಂದಿನ ಭಾನುವಾರ ಎರಡನೆಯ ಇಳಿತದಲ್ಲಿ ನಲವತ್ತು ನಿಮಿಷ ಈಜಿದಳು. ಆಗ ಬಿಸಿಲಿತ್ತು ಎಂಬುದನ್ನೂ ಹೇಳಬೇಕು.

ಕತ್ತಲಲ್ಲಿ ಇಳಿಯುವ ಅಭ್ಯಾಸ ಇನ್ನೂ ನಡೆದಿದೆ. ಹುಣ್ಣಿಮೆ, ಅಮಾವಾಸ್ಯೆಗಳ ಭಾರಿ ಉಬ್ಬರಕ್ಕಿಂತ ಅಷ್ಟಮಿಯ ಆಸುಪಾಸಿನ ಮಂದ ಉಬ್ಬರದಲ್ಲಿ ದಾಟುವುದು ಲೇಸೆಂದು ಹೆಚ್ಚಿನ ತಂಡಗಳು ಆ ದಿನಗಳನ್ನೇ ಕಾದಿರಿಸುತ್ತವೆ. ಇವರಿಗೆ ಆಗಸ್ಟ್ ತಿಂಗಳ ಅಂಥ ಒಂದು ವಾರದಲ್ಲಿ ಮೂರನೆಯ ಪಾಳಿ ದೊರೆತಿದೆ. ಗಾಳಿ ಅನುಕೂಲವಾದರೆ ಮಾತ್ರ ದೋಣಿ ಹೊರಡುವುದು. ಅನುಕ್ರಮದಲ್ಲಿ ನಮ್ಮ ಹುಡುಗಿ ಐದನೆಯವಳು. ದಡ ಬಿಟ್ಟು ನಾಲ್ಕು ಗಂಟೆಯಾದ ಮೇಲೆ ಅವಳ ಮೊದಲ ಇಳಿತ, ಹತ್ತು ಗಂಟೆಯಾದ ಮೇಲೆ ಎರಡನೆಯದು. ಅದು ಹಗಲಿಗೆ ಬೀಳುವುದೋ ಇರುಳಿಗೋ ಎಂಬುದು ದೋಣಿಯ ನಾವಿಕನು ಹೊರಡುವ ವೇಳೆಯನ್ನು ತಿಳಿಸಿದ ಮೇಲಷ್ಟೇ ಗೊತ್ತಾಗಬೇಕು.