ಅಂಕಪಟ್ಟಿ ಓದಿ, ಮಗಳ ಮುಖವನ್ನೂ ಓದಿ

ಹತ್ತನೇ ತರಗತಿಯ ರಿಸಲ್ಟ್ ಬಂದ ದಿನ. ಒಂದೇ ಬೀದಿ. ಎದುರು ಬದುರು ಎರಡು ಮನೆ.

ಒಂದು ಮನೆಯಲ್ಲಿ ಸಕ್ಕರೆ ಹಂಚುತ್ತಿದ್ದಾರೆ. ಮಗ ಫಸ್ಟ್ ಕ್ಲಾಸಿನಲ್ಲಿ ಪಾಸು. ಎದುರು ಮನೆಯ ಬಾಗಿಲು ಮುಚ್ಚಿದೆ. ಮಗಳು ಗಣಿತದಲ್ಲಿ ಫೇಲು. ಬೆಳಿಗ್ಗೆಯಿಂದ ಒಂದು ತುತ್ತು ತಿಂದಿಲ್ಲ. ಮೂಲೆ ಹಿಡಿದು ಕೂತಿದ್ದಾಳೆ.

ಅಪ್ಪ ಹೇಳ್ತಾನೆ: "ಓದಿಸಿದ್ದು ಸಾಕು. ಒಂದು ಗಂಡು ನೋಡೋಣ."

ಅಜ್ಜಿ ಹೇಳ್ತಾಳೆ: "ಎದುರು ಮನೆ ಹುಡುಗನ್ನ ನೋಡಿ ಕಲೀಬೇಕಿತ್ತು."

ತಾಯಿ ಏನೂ ಹೇಳಲಿಲ್ಲ. ಮಗಳ ಪಕ್ಕ ಕೂತಳು. ಅಂಕದ ಚೀಟಿ ಕೈಗೆ ತಗೊಂಡಳು. ಹೋದ ವರ್ಷ ಆಗಿದ್ದರೆ ಬೇರೆಯವರ ಹತ್ತಿರ ಓದಿಸಬೇಕಿತ್ತು. ಈಗ ಬೆರಳಿಟ್ಟು ತಾನೇ ಓದಿದಳು. ಕನ್ನಡ, 125ಕ್ಕೆ 96. ಸಮಾಜ ವಿಜ್ಞಾನ, 100ಕ್ಕೆ 71. ಹೀಗೇ ಕೆಳಗೆ ಬಂದಳು. ಗಣಿತ, 100ಕ್ಕೆ 19.

"ಪುಟ್ಟೀ, ಒಂದು ಕಡೆ ಬಿದ್ದಿದ್ದೀಯ. ಐದು ಕಡೆ ಗೆದ್ದಿದ್ದೀಯಲ್ಲೇ!"

ಮಗಳು ತಲೆ ಎತ್ತಿ ನೋಡಿದಳು. ಆಮೇಲೆ ಅಮ್ಮನ ಮಡಿಲಲ್ಲಿ ಮುಖ ಇಟ್ಟು ಜೋರಾಗಿ ಅತ್ತಳು. ಅಳಲಿ ಬಿಡಿ. ಅತ್ತರೆ ಮನಸ್ಸು ಹಗುರ ಆಗುತ್ತದೆ.

ಒಂದು ವಿಷಯ ಹೋದರೆ ಎಲ್ಲಾ ಹೋಯಿತೆ?

ಇಲ್ಲ. ಹತ್ತನೇ ತರಗತಿಗೆ ಆರು ವಿಷಯ. ಮೊದಲ ಭಾಷೆಗೆ 125 ಅಂಕ. ಉಳಿದ ಐದಕ್ಕೆ ನೂರು ನೂರು. ಒಟ್ಟು 625. ಫೇಲಾದ ವಿಷಯವನ್ನು ಮಾತ್ರ ಮತ್ತೆ ಬರೆದರೆ ಸಾಕು. ಅದೇ ವರ್ಷವೇ ಇನ್ನೊಮ್ಮೆ ಬರೆಯಲು ಅವಕಾಶ ಇದೆ. ಅಂಕ ಕಡಿಮೆ ಬಂತು ಅಂತ ಅನುಮಾನ ಇದ್ದರೆ ಮರು ಮೌಲ್ಯಮಾಪನಕ್ಕೆ ಅರ್ಜಿ ಹಾಕಬಹುದು. ಎರಡಕ್ಕೂ ಕೊನೆಯ ದಿನಾಂಕ ಇರುತ್ತದೆ. ಅದಕ್ಕೇ ಒಂದೆರಡು ದಿನದಲ್ಲೇ ಶಾಲೆಗೆ ಹೋಗಿ ಹೆಡ್ ಮಾಸ್ತರರನ್ನು ಕೇಳಿ.

ಫೇಲಾದಳು ಅಂತ ಮದುವೆ ಮಾಡಬೇಡಿ. ಹದಿನೆಂಟು ತುಂಬದ ಹುಡುಗಿಗೆ ಮದುವೆ ಮಾಡುವುದು ಅಪರಾಧ. ಬಾಲ್ಯವಿವಾಹ ತಡೆಯಲು 2006ರ ಕಾಯ್ದೆಯೇ ಇದೆ.

ಗೆಲುವು ಅಂದರೆ ಅಂಕ ಮಾತ್ರವೆ?

ಒಬ್ಬಳು ಖೋ ಖೋ ಆಟದಲ್ಲಿ ತಾಲ್ಲೂಕಿಗೆ ಹೋಗಿ ಬಂದಿದ್ದಾಳೆ. ಒಬ್ಬ ಪ್ರತಿಭಾ ಕಾರಂಜಿಯಲ್ಲಿ ಹಾಡಿ ಬಹುಮಾನ ತಂದಿದ್ದಾನೆ. ಇನ್ನೊಬ್ಬಳು ತಮ್ಮನನ್ನು ನೋಡಿಕೊಂಡು, ನೀರು ಹೊತ್ತು, ಒಂದು ದಿನವೂ ಶಾಲೆ ತಪ್ಪಿಸಿಲ್ಲ. ಇವೆಲ್ಲಾ ಗೆಲುವೇ.

ಗೆದ್ದ ಮಕ್ಕಳನ್ನು ಮೆಚ್ಚಿ. ಪಾಯಸ ಮಾಡಿ. ಶಾಲೆಯಲ್ಲಿ ಬಹುಮಾನ ಕೊಡುವ ದಿನ ಕೂಲಿ ಬಿಟ್ಟಾದರೂ ಹೋಗಿ ಬನ್ನಿ. ಅಮ್ಮ ಬಂದು ಕೂತಿದ್ದಾಳೆ ಅನ್ನೋದೇ ಮಗುವಿಗೆ ದೊಡ್ಡ ಬಹುಮಾನ. ಹೊಗಳುವಾಗ ಪಟ್ಟ ಶ್ರಮವನ್ನು ಹೊಗಳಿ. "ನೀನು ದಿನಾ ಬೆಳಿಗ್ಗೆ ಎದ್ದು ಓದಿದೆ, ಅದಕ್ಕೇ ಬಂತು" ಅನ್ನಿ. "ಅವಳಿಗಿಂತ ನೀನೇ ಮೇಲು" ಅನ್ನಬೇಡಿ. ಇನ್ನೊಬ್ಬರ ಮಗುವಿನ ಜೊತೆ ತೂಗಬೇಡಿ.

ಫಸ್ಟ್ ಕ್ಲಾಸು ಬಂದ ಮಗುವಿಗೂ ಭಯ ಇರುತ್ತದೆ. "ಮುಂದೆ ನೀನು ಡಾಕ್ಟರೇ ಆಗಬೇಕು" ಅಂತ ಎಲ್ಲರೂ ಹೇಳಿದರೆ ಆ ಭಾರ ಹೊರುವವರು ಯಾರು? ಪಿಯುಸಿ ಇದೆ, ಐಟಿಐ ಇದೆ, ಡಿಪ್ಲೊಮಾ ಇದೆ. ಮಗುವಿಗೆ ಏನು ಇಷ್ಟ ಅಂತ ಕೇಳಿ.

ಈ ವಯಸ್ಸು ಎಂಥದ್ದು?

ಹದಿಮೂರರಿಂದ ಹತ್ತೊಂಬತ್ತು ಅಂದರೆ ಹದಿಹರೆಯ. ಮೈ ಬೇಗ ಬೆಳೆಯುತ್ತದೆ. ಮಿದುಳು ಇಪ್ಪತ್ತು ದಾಟಿದ ಮೇಲೂ ಬಲಿಯುತ್ತಾ ಇರುತ್ತದೆ. ಆದ್ದರಿಂದ ಸಿಟ್ಟು, ಅಳು, ನಾಚಿಕೆ ಎಲ್ಲಾ ಜಾಸ್ತಿ. ಚಿಕ್ಕ ಮಾತೂ ಮುಳ್ಳಿನ ಹಾಗೆ ಚುಚ್ಚುತ್ತದೆ. ಈ ಮಕ್ಕಳಿಗೆ ರಾತ್ರಿ ಎಂಟು ಗಂಟೆಯಾದರೂ ನಿದ್ದೆ ಬೇಕು. ಹೊತ್ತು ಹೊತ್ತಿಗೆ ಊಟ ಬೇಕು. ಆಡಲು ಸ್ವಲ್ಪ ಹೊತ್ತು ಬೇಕು. ಮೊಬೈಲು ಹಾಸಿಗೆಯಿಂದ ದೂರ ಇರಬೇಕು.

ಯಾವಾಗ ಎಚ್ಚರ ಆಗಬೇಕು?

ಒಂದೆರಡು ದಿನ ಬೇಜಾರು ಎಲ್ಲರಿಗೂ ಇರುತ್ತದೆ. ಎರಡು ವಾರ ಕಳೆದರೂ ಹೋಗದಿದ್ದರೆ ಎಚ್ಚರ ಬೇಕು. ನಿದ್ದೆ ಬರುವುದಿಲ್ಲ. ಊಟ ಸೇರುವುದಿಲ್ಲ. ಗೆಳತಿಯರ ಜೊತೆ ಸೇರುವುದಿಲ್ಲ. ಇಷ್ಟವಾಗಿದ್ದ ಆಟ, ಹಾಡು ಬೇಡ ಅನಿಸುತ್ತದೆ. ಸುಮ್ಮನೆ ತಲೆನೋವು, ಹೊಟ್ಟೆನೋವು ಅಂತ ಹೇಳುತ್ತಾ ಇರುತ್ತಾರೆ. "ನಾನಿದ್ದು ಏನು ಪ್ರಯೋಜನ" ಅನ್ನುವ ಮಾತು ಬಂದರೆ ಎರಡು ವಾರ ಕಾಯಲೇಬೇಡಿ.

ಇದು ಸೋಮಾರಿತನ ಅಲ್ಲ. ದೆವ್ವ ಮೆಟ್ಟಿದ್ದೂ ಅಲ್ಲ. ಮೈಗೆ ಜ್ವರ ಬರುವ ಹಾಗೆ ಮನಸ್ಸಿಗೂ ಕಾಯಿಲೆ ಬರುತ್ತದೆ. ಇದಕ್ಕೆ ಚಿಕಿತ್ಸೆ ಇದೆ.

ಏನು ಮಾಡಬೇಕು?

ಪಕ್ಕದಲ್ಲಿ ಕೂತು ಮಾತಾಡಿಸಿ. ಬುದ್ಧಿ ಹೇಳುವ ಮೊದಲು ಪೂರಾ ಕೇಳಿ. "ಸಾಯಬೇಕು ಅಂತ ಅನ್ನಿಸ್ತಿದೆಯಾ ಮಗಾ?" ಅಂತ ನೇರವಾಗಿ ಕೇಳಬಹುದು. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅಂತ ಹಲವರಿಗೆ ಹೆದರಿಕೆ. ಹಾಗೇನೂ ಆಗುವುದಿಲ್ಲ. ಕೇಳಿದರೆ ಮಗು ಬಾಯಿ ಬಿಡುತ್ತದೆ. ಹೌದು ಅಂದರೆ ಬೈಯಬೇಡಿ, ಹೊಡೆಯಬೇಡಿ. ಒಂಟಿಯಾಗಿ ಬಿಡಬೇಡಿ. ಬೆಳೆಗೆ ಹೊಡೆಯುವ ಔಷಧಿಯನ್ನು ಬೀಗ ಹಾಕಿ ಇಡಿ. ತಡಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಾರಿ ತೋರಿಸುತ್ತಾಳೆ. ಜಿಲ್ಲಾ ಆಸ್ಪತ್ರೆಯಲ್ಲಿ ಮನಸ್ಸಿನ ಡಾಕ್ಟರು ಸಿಗುತ್ತಾರೆ. ಫೋನಿನಲ್ಲೂ ಸಹಾಯ ಇದೆ. ಈ ಎರಡು ನಂಬರನ್ನು ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ:

14416 – ಟೆಲಿ ಮಾನಸ್. ಸರ್ಕಾರ 2022ರಲ್ಲಿ ಶುರು ಮಾಡಿದ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ. ದುಡ್ಡಿಲ್ಲ. ಕನ್ನಡದಲ್ಲೇ ಮಾತಾಡಬಹುದು.

1098 – ಮಕ್ಕಳ ಸಹಾಯವಾಣಿ. ಚಿಕ್ಕ ವಯಸ್ಸಿನಲ್ಲೇ ಮದುವೆ ಮಾಡಲು ಹೊರಟರೂ ಇದಕ್ಕೆ ಫೋನು ಮಾಡಬಹುದು.

ಮತ್ತೆ ಆ ಮನೆಗೆ ಬರೋಣ

ಸಂಜೆ ಆಯಿತು. ತಾಯಿ ಮಗಳಿಗೆ ರೊಟ್ಟಿ ತಿನ್ನಿಸಿದಳು. ಗಂಡನಿಗೆ ಹೇಳಿದಳು: "ನಾನು ನಲವತ್ತು ವರ್ಷಕ್ಕೆ ಅಕ್ಷರ ಕಲಿತೆ. ಹದಿನಾರು ವರ್ಷದವಳು ಲೆಕ್ಕ ಕಲಿಯೋಕೆ ಆಗಲ್ವಾ?" ಅಪ್ಪ ಸುಮ್ಮನಾದ. ಸ್ವಲ್ಪ ಹೊತ್ತಾದ ಮೇಲೆ ಕೇಳಿದ: "ನಾಳೆ ಶಾಲೆಗೆ ಎಷ್ಟೊತ್ತಿಗೆ ಹೋಗಬೇಕು?"

ಎದುರು ಮನೆಯ ಹುಡುಗ ಸಕ್ಕರೆ ತಂದ. ಗಣಿತದ ನೋಟ್ ಪುಸ್ತಕವನ್ನೂ ತಂದಿದ್ದ.

ಯೋಚಿಸಿ, ಮಾತಾಡಿ:
1. ನಿಮ್ಮ ಮಗುವನ್ನು ಕೊನೆಯ ಸಲ ಹೊಗಳಿದ್ದು ಯಾವಾಗ? ಯಾವುದಕ್ಕೆ?
2. ಮಗುವಿನ ಅಂಕಪಟ್ಟಿಯನ್ನು ನೀವೇ ಓದಿದ್ದೀರಾ? ಇಂದು ಓದಿ.
3. ನಿಮ್ಮ ಬೀದಿಯಲ್ಲಿ ಬಾಗಿಲು ಮುಚ್ಚಿ ಕೂತ ಮಗು ಇದೆಯೆ? ಆ ತಾಯಿಯನ್ನು ಮಾತಾಡಿಸಲು ಯಾರು ಹೋಗುತ್ತೀರಿ?